ಹೊಗೆ ಟೆಸ್ಟ್‌ನಲ್ಲಿ ಫೇಲ್ ಆದ ಗಾಡಿ: ಕನ್ವರ್ಟರ್ ಬದಲಿಸುವ ಮೊದಲು ದೋಷ ಹುಡುಕುವುದು ಹೇಗೆ

ಗಾಡಿ ಹೊಗೆ ಟೆಸ್ಟ್‌ನಲ್ಲಿ ಫೇಲ್ ಆಗುತ್ತದೆ. ಗ್ಯಾರೇಜ್‌ನವರು ಕ್ಯಾಟಲಿಟಿಕ್ ಕನ್ವರ್ಟರ್ (ಸೈಲೆನ್ಸರ್ ದಾರಿಯಲ್ಲಿ ಕೂತು ಹೊಗೆಯನ್ನು ಶುಚಿ ಮಾಡುವ ಪಾರ್ಟ್) ಹೋಗಿದೆ ಅಂತ ಹೇಳಿ ಹೊಸದು ಹಾಕುತ್ತಾರೆ. ಗಾಡಿ ಪಾಸಾಗುತ್ತದೆ. ಮುಂದಿನ ಟೆಸ್ಟ್ ಬರುವ ಹೊತ್ತಿಗೆ ಅದೇ ಗಾಡಿ, ಅದೇ ತೊಂದರೆ, ಮತ್ತೆ ಫೇಲ್. ಸರ್ಕಾರಿ ತಪಾಸಕನಾಗಿ ನನ್ನ ಮುಂದೆ ಬರುವ ರಿಪೇರಿ ದೂರುಗಳಲ್ಲಿ ಈ ಥರದ್ದೇ ಜಾಸ್ತಿ, ಮತ್ತು ನನಗೆ ಅತಿ ಬೇಸರ ತರಿಸುವುದೂ ಇದೇ. ಮಾಲೀಕರು ಗಾಡಿಯ ಅತಿ ದುಬಾರಿ ಪಾರ್ಟ್‌ಗಳಲ್ಲಿ ಒಂದಕ್ಕೆ ಹಣ ಕೊಟ್ಟಿರುತ್ತಾರೆ, ಆದರೆ ನಿಜವಾದ ದೋಷವನ್ನು ಯಾರೂ ಮುಟ್ಟಿಯೇ ಇರುವುದಿಲ್ಲ.

ಅಂಥ ಗಾಡಿಯನ್ನು ನಾನು ಯಾವ ಕ್ರಮದಲ್ಲಿ ನೋಡುತ್ತೇನೆ ಅನ್ನುವುದನ್ನು ಇಲ್ಲಿ ಬರೆದಿದ್ದೇನೆ. ಹೊಸದಾಗಿ ತಪಾಸಣೆ ಕೆಲಸಕ್ಕೆ ಸೇರಿದವರಿಗೂ ಮೆಕ್ಯಾನಿಕ್‌ಗಳಿಗೂ ಇದು ಉಪಯೋಗಕ್ಕೆ ಬರಬೇಕು. ಹೆಚ್ಚಿನದು ಪೆಟ್ರೋಲ್ ಗಾಡಿಗಳ ಬಗ್ಗೆ, ಡೀಸೆಲ್ ಬಗ್ಗೆ ಕೊನೆಯ ಕಡೆ ಸ್ವಲ್ಪ ಇದೆ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಟೆಸ್ಟ್ ರಿಪೋರ್ಟ್‌ನಲ್ಲಿ ಬಂದ ಅಂಕಿ ಯಾವ ಪಾರ್ಟ್ ಕೆಟ್ಟಿದೆ ಅಂತ ಹೇಳುವುದಿಲ್ಲ. ಎಂಜಿನ್ ಒಳಗೆ ಪೆಟ್ರೋಲ್ ಹೇಗೆ ಉರಿಯಿತು, ಆಮೇಲೆ ಕನ್ವರ್ಟರ್ ಅದನ್ನು ಎಷ್ಟರ ಮಟ್ಟಿಗೆ ಶುಚಿ ಮಾಡಿತು ಅನ್ನುವುದನ್ನು ಮಾತ್ರ ಹೇಳುತ್ತದೆ. ಉರಿಯುವುದೇ ಸರಿಯಿಲ್ಲದಿದ್ದರೆ ಕನ್ವರ್ಟರ್ ಹೊಸದಾಗಿದ್ದರೂ ಬಹಳ ದಿನ ಬಾಳುವುದಿಲ್ಲ. ಹಾಗಾಗಿ ಹುಡುಕಾಟ ಯಾವಾಗಲೂ ಎಂಜಿನ್ ಕಡೆಯಿಂದ ಶುರುವಾಗಿ ಸೈಲೆನ್ಸರ್ ಕಡೆಗೆ ಹೋಗಬೇಕು.

ಮೊದಲು ಮೆಷಿನ್ ನೋಡಿ

ಗಾಡಿಯನ್ನು ಅನುಮಾನಿಸುವ ಮೊದಲು ಗ್ಯಾಸ್ ಅನಲೈಸರ್ ಸರಿ ಇದೆಯಾ ನೋಡಿ. ಮೆಷಿನ್ ಪೂರ್ತಿ ವಾರ್ಮ್ ಅಪ್ ಆಗಿರಬೇಕು. ಝೀರೋ ಆಗಿರಬೇಕು. ಲೀಕ್ ಚೆಕ್ ಪಾಸಾಗಿರಬೇಕು. ವಾಟರ್ ಟ್ರ್ಯಾಪ್‌ನಲ್ಲಿ ನೀರು ತುಂಬಿರಬಾರದು, ಫಿಲ್ಟರ್ ಕಪ್ಪಗಾಗಿರಬಾರದು. ಕ್ಯಾಲಿಬ್ರೇಷನ್ ಗ್ಯಾಸ್ ಬಿಟ್ಟು ಸರಿ ನೋಡಿದ್ದು ಯಾವಾಗ ಅಂತ ದಾಖಲೆ ತೆಗೆಸಿ.

ಪ್ರೋಬ್ ಅನ್ನು ಗಾಡಿಗೆ ಹಾಕದೆ ಬರೀ ಗಾಳಿ ಎಳೆಯಲು ಬಿಡಿ. ಆಕ್ಸಿಜನ್ ಶೇ 20.9ರ ಹತ್ತಿರ ಇರಬೇಕು, ಎಚ್‌ಸಿ (ಹೈಡ್ರೋಕಾರ್ಬನ್, ಅಂದರೆ ಉರಿಯದ ಪೆಟ್ರೋಲ್) ಸೊನ್ನೆಯ ಹತ್ತಿರ ಇರಬೇಕು. ಎಚ್‌ಸಿ ಕೆಳಗಿಳಿಯದೆ ನಿಂತಿದ್ದರೆ ಹಿಂದಿನ ಗಾಡಿಯ ಹೊಗೆಯ ಅಂಶ ಪೈಪಿನ ಒಳಗೆ ಅಂಟಿಕೊಂಡಿದೆ ಅಂತ ಅರ್ಥ. ಎಣ್ಣೆ ಸುಡುವ ಗಾಡಿಯೊಂದನ್ನು ಟೆಸ್ಟ್ ಮಾಡಿದ ಮೇಲೆ ಹೀಗಾಗುವುದು ಸಾಮಾನ್ಯ. ಅದರ ಶಿಕ್ಷೆಯನ್ನು ಸಾಲಿನಲ್ಲಿರುವ ಮುಂದಿನ ಗಾಡಿ ಅನುಭವಿಸಬಾರದು ಅಲ್ವಾ? ಇನ್ನು ಆಕ್ಸಿಜನ್ 20.9 ತೋರಿಸದೆ ಒದ್ದಾಡುತ್ತಿದ್ದರೆ ಅದರ ಸೆಲ್ ಮುಗಿದಿರಬಹುದು. ಅದು ದಿನ ಕಳೆದಂತೆ ಸವೆದು ಹೋಗುವ ಪಾರ್ಟ್. ಆಕ್ಸಿಜನ್ ರೀಡಿಂಗ್ ತಪ್ಪಾದರೆ ಲ್ಯಾಂಬ್ಡಾ (ಗಾಳಿ ಮತ್ತು ಪೆಟ್ರೋಲ್ ಅನುಪಾತದ ಅಳತೆ) ಲೆಕ್ಕವೂ ತಪ್ಪುತ್ತದೆ, ಆಮೇಲೆ ಮಾಡುವ ಎಲ್ಲ ಯೋಚನೆಯೂ ತಪ್ಪುತ್ತದೆ.

ಗಾಡಿ ಟೆಸ್ಟ್‌ಗೆ ತಯಾರಿತ್ತಾ?

ತಣ್ಣಗಿರುವ ಗಾಡಿ ಫೇಲ್ ಆದರೆ ಅದು ದೋಷ ಅಲ್ಲ. ಕನ್ವರ್ಟರ್ ಕೆಲಸ ಶುರು ಮಾಡುವುದೇ ಸುಮಾರು 250ರಿಂದ 300 ಡಿಗ್ರಿ ಸೆಲ್ಸಿಯಸ್ ಬಿಸಿಯಾದ ಮೇಲೆ. ಸಾಲಿನಲ್ಲಿ ಬಹಳ ಹೊತ್ತು ಐಡ್ಲಿಂಗ್‌ನಲ್ಲಿ ನಿಂತ ಗಾಡಿಯ ಕನ್ವರ್ಟರ್ ಮತ್ತೆ ತಣ್ಣಗಾಗಿರಬಹುದು. ಅದಕ್ಕೆ 2500 ಆರ್‌ಪಿಎಂನಲ್ಲಿ ಎರಡು ಮೂರು ನಿಮಿಷ ಓಡಿಸಿ, ತಕ್ಷಣ ಮತ್ತೆ ರೀಡಿಂಗ್ ತೆಗೆಯಿರಿ. ಅಷ್ಟಕ್ಕೇ ಪಾಸಾಗುವ ಗಾಡಿಗಳು ಬೇಕಾದಷ್ಟಿವೆ.

ಆಮೇಲೆ ಎಕ್ಸಾಸ್ಟ್ ಪೈಪ್ ಲೀಕ್. ಪೈಪಿನಲ್ಲಿ ತೂತಿದ್ದರೆ ಹೊಗೆ ಹೊರಗೆ ಹೋಗುವುದು ಮಾತ್ರ ಅಲ್ಲ, ಒತ್ತಡ ಏರಿಳಿಯುವಾಗ ಹೊರಗಿನ ಗಾಳಿ ಒಳಗೂ ಬರುತ್ತದೆ. ಆಗ ಗಾಳಿ ಬೆರೆತು ಎಲ್ಲ ರೀಡಿಂಗ್ ತೆಳುವಾಗುತ್ತದೆ. ಇದನ್ನು ಹಿಡಿಯುವುದು ಸುಲಭ. ಸಿಒ (ಕಾರ್ಬನ್ ಮೊನಾಕ್ಸೈಡ್) ಮತ್ತು ಕಾರ್ಬನ್ ಡೈಆಕ್ಸೈಡ್ ಎರಡನ್ನೂ ಕೂಡಿಸಿ. ಸರಿಯಾದ ಸ್ಯಾಂಪಲ್‌ನಲ್ಲಿ ಮೊತ್ತ ಸಾಮಾನ್ಯವಾಗಿ ಶೇ 13ಕ್ಕಿಂತ ಮೇಲಿರುತ್ತದೆ. ಅದಕ್ಕಿಂತ ಬಹಳ ಕೆಳಗೆ ಬಂದರೆ ಲೀಕ್ ಇರಬಹುದು, ಪ್ರೋಬ್ ಪೂರ್ತಿ ಒಳಗೆ ಹೋಗಿಲ್ಲದಿರಬಹುದು, ಅಥವಾ ಸಿಲಿಂಡರ್ ಮಿಸ್ಸಿಂಗ್ ಹೊಡೆಯುತ್ತಿರಬಹುದು (ಅದರಲ್ಲಿ ಪೆಟ್ರೋಲ್ ಸರಿಯಾಗಿ ಉರಿಯದೆ ಹೋಗುತ್ತಿರಬಹುದು). ಲೀಕ್ ಇರುವ ಗಾಡಿ ಪಾಸಾದರೂ ಆ ಪಾಸ್ ಅನ್ನು ನಾನು ನಂಬುವುದಿಲ್ಲ.

ಎಂಜಿನ್ ಆಯಿಲ್ ಕಡ್ಡಿ ತೆಗೆದು ಮೂಸಿ ನೋಡಿ. ಪೆಟ್ರೋಲ್ ವಾಸನೆ ಹೊಡೆದರೆ ಆ ಆವಿ ಬ್ರೀದರ್ ಪೈಪ್ ಮೂಲಕ ಮತ್ತೆ ಎಂಜಿನ್ ಒಳಗೇ ಹೋಗಿ ಸಿಒ ಏರಿಸುತ್ತಿರುತ್ತದೆ. ಆಯಿಲ್ ಬದಲಿಸಿದರೆ ಅಂಕಿ ಇಳಿಯುತ್ತದೆ. ಆದರೆ ಪೆಟ್ರೋಲ್ ಆಯಿಲ್‌ಗೆ ಇಳಿದದ್ದು ಯಾಕೆ ಅನ್ನುವುದು ಬಾಕಿ ಉಳಿಯುತ್ತದೆ, ಅದನ್ನು ಬರೆದಿಟ್ಟುಕೊಳ್ಳಿ.

ಗ್ಯಾಸ್‌ಗಳನ್ನು ಒಟ್ಟಿಗೆ ಓದಿ

ಈ ಭಾಗವನ್ನು ನಿಧಾನವಾಗಿ ಓದಿ, ಅರ್ಧ ಕೆಲಸ ಇಲ್ಲೇ ಇದೆ. ರಿಪೋರ್ಟ್‌ನಲ್ಲಿ ಕೆಂಪಗೆ ಬಂದ ಒಂದು ಅಂಕಿಯನ್ನು ಮಾತ್ರ ನೋಡುವುದು ಎಲ್ಲರೂ ಮಾಡುವ ತಪ್ಪು. ಹಸಿರಾಗಿ ಬಂದ ಉಳಿದ ಅಂಕಿಗಳೇ ದಾರಿ ತೋರಿಸುವುದು.

ಸಿಒ ಅಂದರೆ ಅರ್ಧ ಉರಿದ ಪೆಟ್ರೋಲ್. ಪೆಟ್ರೋಲ್ ಜಾಸ್ತಿ, ಗಾಳಿ ಕಡಿಮೆ ಆದಾಗ ಬರುತ್ತದೆ. ಎಚ್‌ಸಿ ಅಂದರೆ ಉರಿಯದೆ ಹಾಗೇ ಹೊರಬಂದ ಪೆಟ್ರೋಲ್, ಒಮ್ಮೊಮ್ಮೆ ಎಂಜಿನ್ ಆಯಿಲ್. ಮಿಸ್ಸಿಂಗ್, ಕಂಪ್ರೆಷನ್ ಕಡಿಮೆ, ಮಿಶ್ರಣ ತೀರಾ ರಿಚ್ (ಪೆಟ್ರೋಲ್ ಜಾಸ್ತಿ) ಅಥವಾ ತೀರಾ ಲೀನ್ (ಗಾಳಿ ಜಾಸ್ತಿ), ಹೀಗೆ ಇದಕ್ಕೆ ಕಾರಣ ಹಲವು. ಆಕ್ಸಿಜನ್ ಅಂದರೆ ಬಳಕೆಯಾಗದೆ ಉಳಿದ ಗಾಳಿ. ಕಾರ್ಬನ್ ಡೈಆಕ್ಸೈಡ್ ಎಷ್ಟು ಚೆನ್ನಾಗಿ ಉರಿಯಿತು ಅನ್ನುವುದರ ಅಳತೆ, ಒಳ್ಳೆಯ ಗಾಡಿಯಲ್ಲಿ ಶೇ 14ರಿಂದ 15 ಇರುತ್ತದೆ. ನಾಕ್ಸ್ (ನೈಟ್ರೋಜನ್ ಆಕ್ಸೈಡ್‌ಗಳು) ಬರುವುದು ಉರಿ ವಿಪರೀತ ಬಿಸಿಯಾದಾಗ, ಸುಮಾರು 1370 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಅದು ಬೇಗ ಬೇಗ ಏರುತ್ತದೆ.

ಈಗ ಲ್ಯಾಂಬ್ಡಾ. ಒಂದು ಕಿಲೋ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಅಷ್ಟೇ ಸಿಕ್ಕಿದರೆ ಲ್ಯಾಂಬ್ಡಾ 1.00. ಅದಕ್ಕಿಂತ ಕಡಿಮೆ ಇದ್ದರೆ ರಿಚ್, ಜಾಸ್ತಿ ಇದ್ದರೆ ಲೀನ್. ಯುರೋಪಿನ ಟೆಸ್ಟ್‌ಗಳಲ್ಲಿ 0.97ರಿಂದ 1.03ರ ಒಳಗೆ ಇರಬೇಕು ಅನ್ನುವ ನಿಯಮ ಇದೆ. ಹೊಗೆಯ ಗ್ಯಾಸ್‌ಗಳಿಂದಲೇ ಇದನ್ನು ಲೆಕ್ಕ ಹಾಕುವ ಸೂತ್ರವನ್ನು ಬಾಷ್ ಕಂಪನಿಯಲ್ಲಿದ್ದ ಬ್ರೆಟ್‌ಶ್ನೈಡರ್ 1979ರಲ್ಲಿ ಕೊಟ್ಟರು. ಇವತ್ತಿಗೂ ಹೆಚ್ಚಿನ ಅನಲೈಸರ್‌ಗಳು ಅದನ್ನೇ ಬಳಸುತ್ತವೆ.

ಈ ಲೆಕ್ಕದಲ್ಲಿ ಒಂದು ದೊಡ್ಡ ಅನುಕೂಲ ಇದೆ, ಆದರೆ ಬಹಳ ಮಂದಿ ಅದನ್ನು ಬಳಸುವುದೇ ಇಲ್ಲ. ಕನ್ವರ್ಟರ್ ಹೊಸದಾಗಿ ಏನನ್ನೂ ಸೇರಿಸುವುದಿಲ್ಲ, ಏನನ್ನೂ ತೆಗೆಯುವುದಿಲ್ಲ. ಇದ್ದ ಗ್ಯಾಸ್‌ಗಳನ್ನು ಬೇರೆ ಗ್ಯಾಸ್‌ಗಳಾಗಿ ಜೋಡಿಸುತ್ತದೆ ಅಷ್ಟೇ. ಆದ್ದರಿಂದ ಲ್ಯಾಂಬ್ಡಾ ಕನ್ವರ್ಟರ್‌ಗೆ ಮೊದಲು ಎಷ್ಟಿರುತ್ತದೋ ಆಮೇಲೂ ಅಷ್ಟೇ ಇರುತ್ತದೆ. ಅಂದರೆ ಪೈಪಿನಲ್ಲಿ ಲೀಕ್ ಇಲ್ಲ ಅಂತ ಖಚಿತವಾಗಿದ್ದರೆ, ಟೈಲ್‌ಪೈಪ್‌ನಲ್ಲಿ ನಿಂತೇ ಎಂಜಿನ್‌ಗೆ ಒಳಗೆ ಎಷ್ಟು ಗಾಳಿ ಎಷ್ಟು ಪೆಟ್ರೋಲ್ ಹೋಗುತ್ತಿದೆ ಅಂತ ತಿಳಿಯಬಹುದು. ಕನ್ವರ್ಟರ್ ಬಿಚ್ಚಬೇಕಾಗಿಲ್ಲ.

ಒಂದೆರಡು ಉದಾಹರಣೆ ನೋಡಿ. ಸಿಒ ಶೇ 1.8, ಆಕ್ಸಿಜನ್ ಸೊನ್ನೆ, ಎಚ್‌ಸಿ 120 ಪಿಪಿಎಂ, ಲ್ಯಾಂಬ್ಡಾ 0.94 ಇರುವ ಗಾಡಿ ಬಂತು ಅಂದುಕೊಳ್ಳಿ. ಇಲ್ಲಿ ಕನ್ವರ್ಟರ್ ಬೈಯಬೇಡಿ. ಸಿಒ ಸುಡಲು ಅದಕ್ಕೆ ಆಕ್ಸಿಜನ್ ಬೇಕು, ಆಕ್ಸಿಜನ್ ಒಂದಿಷ್ಟೂ ಇಲ್ಲ. ಇದ್ದದ್ದನ್ನೆಲ್ಲ ಅದು ಬಳಸಿ ಮುಗಿಸಿದೆ. ಬಹುಶಃ ಕನ್ವರ್ಟರ್ ಚೆನ್ನಾಗೇ ಇದೆ, ಎಂಜಿನ್‌ಗೆ ಪೆಟ್ರೋಲ್ ಜಾಸ್ತಿ ಹೋಗುತ್ತಿದೆ. ಹೊಸ ಕನ್ವರ್ಟರ್ ಹಾಕಿದರೂ ಈ ಗಾಡಿ ಫೇಲ್ ಆಗುತ್ತದೆ.

ಇನ್ನೊಂದು ಗಾಡಿ. ಸಿಒ 0.6, ಆಕ್ಸಿಜನ್ 0.6, ಎಚ್‌ಸಿ 150, ಲ್ಯಾಂಬ್ಡಾ 1.00. ಇಲ್ಲಿ ಮಿಶ್ರಣ ಸರಿ ಇದೆ. ಸುಡಬೇಕಾದ ಸಿಒ ಕೂಡ ಇದೆ, ಸುಡಲು ಬೇಕಾದ ಆಕ್ಸಿಜನ್ ಕೂಡ ಇದೆ, ಎರಡೂ ಒಂದನ್ನೊಂದು ಮುಟ್ಟದೆ ಹೊರಬಂದಿವೆ. ಗಾಡಿ ಬಿಸಿ ಇದ್ದು, ಮಿಸ್ಸಿಂಗ್ ಇಲ್ಲದಿದ್ದು, ಹೀಗೆ ಬಂದರೆ ಆಗ ಕನ್ವರ್ಟರ್ ಮೇಲೆ ಅನುಮಾನ ಪಡುವುದು ನ್ಯಾಯ.

ಸಿಒ 0.1, ಎಚ್‌ಸಿ 450, ಆಕ್ಸಿಜನ್ 2.0, ಲ್ಯಾಂಬ್ಡಾ 1.08 ಇದ್ದರೆ ಲೀನ್ ಆಗಿ ಮಿಸ್ಸಿಂಗ್ ಹೊಡೆಯುತ್ತಿದೆ. ವ್ಯಾಕ್ಯೂಮ್ ಹೋಸ್ ಸೀಳಿರಬಹುದು, ಇಂಜೆಕ್ಟರ್ ಕಟ್ಟಿರಬಹುದು, ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಬಿಟ್ಟಿರಬಹುದು. ಇದಕ್ಕೂ ಕನ್ವರ್ಟರ್‌ಗೂ ಸಂಬಂಧ ಇಲ್ಲ.

ಸ್ಕ್ಯಾನರ್ ಹಾಕಿ, ಆದರೆ ಕೋಡ್ ನೋಡಿ ನಿಲ್ಲಬೇಡಿ

ಸ್ಕ್ಯಾನರ್‌ನಲ್ಲಿ ಪಿ 0420 ಅನ್ನುವ ದೋಷದ ಕೋಡ್ ಬಂತು ಅಂದ ಕೂಡಲೇ ಕನ್ವರ್ಟರ್ ಆರ್ಡರ್ ಮಾಡುವವರಿದ್ದಾರೆ. ಆ ಕೋಡ್ ಹೇಳುವುದು ಕನ್ವರ್ಟರ್‌ನ ಕೆಲಸ ನಿಗದಿತ ಮಟ್ಟಕ್ಕಿಂತ ಕೆಳಗಿದೆ ಅಂತ. ಯಾಕೆ ಕೆಳಗಿದೆ ಅಂತ ಹೇಳುವುದಿಲ್ಲ. ಅದರ ಜೊತೆಗೆ ಪಿ 0300, ಪಿ 0301, ಪಿ 0302 ಥರದ ಮಿಸ್ಸಿಂಗ್ ಕೋಡ್ ಇದ್ದರೆ, ಅಥವಾ ಲೀನ್ ಇದೆ ಅನ್ನುವ ಪಿ 0171, ರಿಚ್ ಇದೆ ಅನ್ನುವ ಪಿ 0172 ಇದ್ದರೆ ಮೊದಲು ಅವನ್ನು ಮುಗಿಸಿ. ಕೋಡ್ ಬಂದ ಕ್ಷಣದಲ್ಲಿ ಎಂಜಿನ್ ಎಷ್ಟು ಬಿಸಿ ಇತ್ತು, ಎಷ್ಟು ಆರ್‌ಪಿಎಂ, ಎಷ್ಟು ಲೋಡ್ ಅನ್ನುವುದು ಫ್ರೀಜ್ ಫ್ರೇಮ್‌ನಲ್ಲಿ ಉಳಿದಿರುತ್ತದೆ. ಕೋಡ್ ಅಳಿಸಿದರೆ ಅದೂ ಅಳಿಸಿಹೋಗುತ್ತದೆ. ಹಾಗಾಗಿ ಬರೆದುಕೊಳ್ಳದೆ, ಫೋಟೋ ತೆಗೆಯದೆ ಏನನ್ನೂ ಅಳಿಸಬೇಡಿ.

ಆಮೇಲೆ ಫ್ಯೂಯಲ್ ಟ್ರಿಮ್. ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಎಷ್ಟು ಪೆಟ್ರೋಲ್ ಸೇರಿಸುತ್ತಿದೆ ಅಥವಾ ಕಡಿತ ಮಾಡುತ್ತಿದೆ ಅನ್ನುವ ಲೆಕ್ಕ ಇದು. ಶಾರ್ಟ್ (ಆ ಕ್ಷಣದ್ದು) ಮತ್ತು ಲಾಂಗ್ (ಬಹುಕಾಲದ್ದು) ಎರಡನ್ನೂ ಕೂಡಿಸಿ ನೋಡಿ. ಒಟ್ಟು ಶೇಕಡಾ ಮೈನಸ್ 10ರಿಂದ ಪ್ಲಸ್ 10ರ ಒಳಗಿದ್ದರೆ ಸಾಮಾನ್ಯವಾಗಿ ಚಿಂತೆ ಇಲ್ಲ.

ಗಾಡಿ ರಿಚ್ ಅಂತ ಗ್ಯಾಸ್ ಅನಲೈಸರ್ ಹೇಳಿದೆ ಅಂದುಕೊಳ್ಳಿ. ಟ್ರಿಮ್ ಮೈನಸ್ ಕಡೆ ತುಂಬಾ ಹೋಗಿದ್ದರೆ, ಇಸಿಯುಗೆ ವಿಷಯ ಗೊತ್ತಿದೆ, ಅದು ಪೆಟ್ರೋಲ್ ಕಡಿಮೆ ಮಾಡುತ್ತಲೇ ಇದೆ, ಆದರೂ ಸಾಲುತ್ತಿಲ್ಲ. ಅಂದರೆ ಎಲ್ಲೋ ಹೆಚ್ಚುವರಿ ಪೆಟ್ರೋಲ್ ನಿಜವಾಗಿಯೂ ಒಳಗೆ ಬರುತ್ತಿದೆ. ಇಂಜೆಕ್ಟರ್ ಸೋರುತ್ತಿರಬಹುದು, ಫ್ಯೂಯಲ್ ಪ್ರೆಷರ್ ಜಾಸ್ತಿ ಇರಬಹುದು, ಟ್ಯಾಂಕಿನ ಆವಿ ಎಳೆಯುವ ಪರ್ಜ್ ವಾಲ್ವ್ ತೆರೆದೇ ನಿಂತಿರಬಹುದು, ಆಯಿಲ್‌ನಲ್ಲಿ ಪೆಟ್ರೋಲ್ ಇರಬಹುದು. ಪರ್ಜ್ ಹೋಸ್ ಅನ್ನು ಒಂದು ನಿಮಿಷ ಒತ್ತಿ ಮುಚ್ಚಿ ನೋಡಿದರೆ ಅದೊಂದು ಅನುಮಾನ ಅಲ್ಲೇ ತೀರುತ್ತದೆ.

ಅದೇ ಗಾಡಿ ರಿಚ್ ಇದ್ದೂ ಟ್ರಿಮ್ ಪ್ಲಸ್ ಕಡೆ ಇದ್ದರೆ ಕಥೆ ಬೇರೆ. ಇಸಿಯು ಲೀನ್ ಇದೆ ಅಂತ ನಂಬಿ ತಾನೇ ಪೆಟ್ರೋಲ್ ಸುರಿಯುತ್ತಿದೆ. ಅದಕ್ಕೆ ಯಾರೋ ಸುಳ್ಳು ಹೇಳುತ್ತಿದ್ದಾರೆ. ಆ ಯಾರೋ ಅಂದರೆ ಮುಂದಿನ (ಕನ್ವರ್ಟರ್‌ಗೆ ಮೊದಲು ಇರುವ) ಆಕ್ಸಿಜನ್ ಸೆನ್ಸರ್, ಅಥವಾ ಆ ಸೆನ್ಸರ್‌ಗೆ ತಪ್ಪು ಗಾಳಿ ತಲುಪಿಸುತ್ತಿರುವ ಲೀಕ್, ಅಥವಾ ಮಿಸ್ಸಿಂಗ್. ಇದರ ಬಗ್ಗೆ ಮುಂದಿನ ಭಾಗದಲ್ಲಿ ಬರೆದಿದ್ದೇನೆ.

ಟ್ರಿಮ್ ಎರಡೂ ಸೊನ್ನೆಯಲ್ಲಿ ಅಲುಗಾಡದೆ ನಿಂತಿದ್ದರೆ ಗಾಡಿ ಓಪನ್ ಲೂಪ್‌ನಲ್ಲಿರಬಹುದು (ಇಸಿಯು ಆಕ್ಸಿಜನ್ ಸೆನ್ಸರ್ ಮಾತು ಕೇಳದೆ ಪೆಟ್ರೋಲ್ ಕೊಡುತ್ತಿರಬಹುದು). ಕೂಲಂಟ್ ಟೆಂಪರೇಚರ್ ನೋಡಿ. ಎಂಜಿನ್ ಎಷ್ಟು ಓಡಿದರೂ ಬಿಸಿ ಏರದೆ 60 ಡಿಗ್ರಿ ಹತ್ತಿರ ನಿಂತಿದ್ದರೆ ಥರ್ಮೋಸ್ಟಾಟ್ ತೆರೆದೇ ಉಳಿದಿದೆ. ಎಂಜಿನ್ ಇನ್ನೂ ತಣ್ಣಗಿದೆ ಅಂತ ಇಸಿಯು ಪೆಟ್ರೋಲ್ ಜಾಸ್ತಿ ಕೊಡುತ್ತಲೇ ಇರುತ್ತದೆ. ಅಥವಾ ಎಂಜಿನ್ ಚೆನ್ನಾಗಿ ಬಿಸಿಯಾಗಿದ್ದೂ ಸೆನ್ಸರ್ ಮಾತ್ರ ತಣ್ಣಗೆ ತೋರಿಸುತ್ತಿರಬಹುದು. ಒಂದು ಸಣ್ಣ ಪಾರ್ಟ್, ಅದಕ್ಕಾಗಿ ಕನ್ವರ್ಟರ್ ಬದಲಾಗಿದ್ದನ್ನು ನೋಡಿದಾಗ ನಿಜಕ್ಕೂ ಹೊಟ್ಟೆ ಉರಿಯುತ್ತದೆ.

ಇನ್ನು ಲೀನ್ ಗಾಡಿಯಲ್ಲಿ ಟ್ರಿಮ್ ಅನ್ನು ಐಡ್ಲಿಂಗ್‌ನಲ್ಲೂ 2500ರಲ್ಲೂ ನೋಡಿ. ಐಡ್ಲಿಂಗ್‌ನಲ್ಲಿ ಪ್ಲಸ್ 20 ಇದ್ದು ರೇಸ್ ಮಾಡಿದಾಗ ಇಳಿದರೆ ವ್ಯಾಕ್ಯೂಮ್ ಲೀಕ್. ಐಡ್ಲಿಂಗ್‌ನಲ್ಲಿ ಸರಿ ಇದ್ದು ಲೋಡ್ ಬಂದಂತೆ ಏರಿದರೆ ಪಂಪ್, ಫಿಲ್ಟರ್ ಅಥವಾ ಕೊಳೆಯಾದ ಏರ್ ಫ್ಲೋ ಸೆನ್ಸರ್.

ಮಿಸ್ಸಿಂಗ್ ಮಾಡುವ ಮೋಸ

ಆಕ್ಸಿಜನ್ ಸೆನ್ಸರ್‌ಗೆ ಪೆಟ್ರೋಲ್ ಕಾಣುವುದಿಲ್ಲ. ಅದಕ್ಕೆ ಕಾಣುವುದು ಆಕ್ಸಿಜನ್ ಮಾತ್ರ. ಈ ಒಂದು ವಿಷಯ ಅರ್ಥವಾದರೆ ದೂರುಗಳಲ್ಲಿ ಬಹಳಷ್ಟು ಅರ್ಥವಾಗುತ್ತವೆ.

ನಾಲ್ಕು ಸಿಲಿಂಡರ್ ಗಾಡಿಯ ಒಂದು ಸಿಲಿಂಡರ್‌ನಲ್ಲಿ ಕಿಡಿ ತಪ್ಪಿತು ಅಂದುಕೊಳ್ಳಿ. ಒಳಗೆ ಹೋದ ಪೆಟ್ರೋಲ್ ಮತ್ತು ಗಾಳಿ ಎರಡೂ ಉರಿಯದೆ ಹೊರಬಂದವು. ಸೆನ್ಸರ್ ಆ ಗಾಳಿಯಲ್ಲಿನ ಆಕ್ಸಿಜನ್ ನೋಡಿ ಲೀನ್ ಅನ್ನುತ್ತದೆ. ಇಸಿಯು ಎಲ್ಲ ಸಿಲಿಂಡರ್‌ಗಳಿಗೂ ಪೆಟ್ರೋಲ್ ಏರಿಸುತ್ತದೆ. ಈಗ ಚೆನ್ನಾಗಿದ್ದ ಮೂರು ಸಿಲಿಂಡರ್‌ಗಳೂ ರಿಚ್ ಆಗಿ ಸಿಒ ಬಿಡಲು ಶುರು ಮಾಡುತ್ತವೆ. ಉರಿಯದೆ ಬಂದ ಪೆಟ್ರೋಲ್ ಕನ್ವರ್ಟರ್ ಒಳಗೆ ಹೋಗಿ ಅಲ್ಲಿ ಉರಿಯುತ್ತದೆ. ಕನ್ವರ್ಟರ್ ಕೆಂಪಗೆ ಕಾಯುತ್ತದೆ, ಒಳಗಿನ ಜೇನುಗೂಡಿನಂಥ ಸೆರಾಮಿಕ್ ಬಿಸಿ ಮಿತಿ ಮೀರಿದರೆ ಕರಗಿ ಮುದ್ದೆಯಾಗುತ್ತದೆ. ಚೆಕ್ ಎಂಜಿನ್ ಲೈಟ್ ಹತ್ತಿ ಉರಿಯದೆ ಮಿಣುಕುತ್ತಿದ್ದರೆ ಇದು ಈಗಲೇ ನಡೆಯುತ್ತಿದೆ ಅಂತ ಎಚ್ಚರಿಕೆ, ಗಾಡಿ ಓಡಿಸುವುದನ್ನು ಆದಷ್ಟು ಬೇಗ ನಿಲ್ಲಿಸಬೇಕು.

ಇಂಥ ಒಂದು ದೂರನ್ನು ನಾನು ನೋಡಿದ್ದು ಚೆನ್ನಾಗಿ ನೆನಪಿದೆ. ನಾಲ್ಕು ಸಿಲಿಂಡರ್ ಕಾರು. ಕನ್ವರ್ಟರ್ ಬದಲಾಗಿತ್ತು, ಪಾಸಾಗಿತ್ತು, ಮತ್ತೆ ಫೇಲ್ ಆಗಿತ್ತು. ಹೊಸ ರೀಡಿಂಗ್‌ನಲ್ಲಿ ಸಿಒ 1.4, ಎಚ್‌ಸಿ 380, ಆಕ್ಸಿಜನ್ 0.4, ಲ್ಯಾಂಬ್ಡಾ 0.96. ಟ್ರಿಮ್ ಪ್ಲಸ್ 18. ರಿಚ್ ಇದ್ದೂ ಪ್ಲಸ್, ಹಾಗಾದರೆ ಸೆನ್ಸರ್‌ಗೆ ಏನೋ ತಪ್ಪು ತಲುಪುತ್ತಿದೆ. ಪೈಪ್ ಲೀಕ್ ಇರಲಿಲ್ಲ. ಮೂರನೇ ಸಿಲಿಂಡರ್‌ನ ಮಿಸ್ಸಿಂಗ್ ಲೆಕ್ಕ ಏರುತ್ತಿತ್ತು. ಮೂರನೆಯದರ ಇಗ್ನಿಷನ್ ಕಾಯಿಲ್ ತೆಗೆದು ಒಂದನೆಯದಕ್ಕೆ ಹಾಕಿದರೆ ಮಿಸ್ಸಿಂಗ್ ಒಂದನೆಯದಕ್ಕೆ ಹೋಯಿತು. ಕಾಯಿಲ್ ಕೆಟ್ಟಿದೆ, ಮುಗಿಯಿತು. ಆಮೇಲೆ ಹಳೆಯ ಬಿಲ್ ತೆಗೆಸಿ ನೋಡಿದರೆ ಅದರಲ್ಲೇ ಪಿ 0420 ಜೊತೆ ಪಿ 0303 ಅಂತಲೂ ಬರೆದಿತ್ತು. ಗ್ಯಾರೇಜ್‌ನವರು ಎರಡೂ ಕೋಡ್ ಓದಿದ್ದರು, ಒಂದಕ್ಕೆ ಮಾತ್ರ ಕೆಲಸ ಮಾಡಿದ್ದರು. ಆಗ ಮಿಸ್ಸಿಂಗ್ ಬಿಟ್ಟು ಬಿಟ್ಟು ಬರುತ್ತಿತ್ತು, ಹೊಸ ಕನ್ವರ್ಟರ್ ಅದನ್ನು ಕೆಲಕಾಲ ಮುಚ್ಚಿಹಾಕಿತು. ಕಾಯಿಲ್ ಪೂರ್ತಿ ಹಾಳಾಗುತ್ತಾ ಬಂದಾಗ ಎರಡನೇ ಕನ್ವರ್ಟರ್ ಕೂಡ ಬೆಂದು ಹೋಗುವ ದಾರಿಯಲ್ಲಿತ್ತು.

ಮುಂದಿನ ಸೆನ್ಸರ್‌ಗಿಂತ ಮೊದಲು ಪೈಪ್ ಲೀಕ್ ಇದ್ದರೂ ಹೀಗೇ ಆಗುತ್ತದೆ. ಒಳಗೆ ಬಂದ ಗಾಳಿ ನೋಡಿ ಸೆನ್ಸರ್ ಲೀನ್ ಅನ್ನುತ್ತದೆ, ಗಾಡಿ ರಿಚ್ ಆಗುತ್ತದೆ. ಆದ್ದರಿಂದ ಸೆನ್ಸರ್ ಬದಲಿಸುವ ಮೊದಲು ಮ್ಯಾನಿಫೋಲ್ಡ್ ಜಾಯಿಂಟ್ ನೋಡಿ. ಸೆನ್ಸರ್ ಹಳೆಯ ಜಿರ್ಕೋನಿಯಾ ಥರದ್ದಾದರೆ ವೋಲ್ಟೇಜ್ 0.1ರಿಂದ 0.9ರ ನಡುವೆ ಚುರುಕಾಗಿ ಏರಿಳಿಯಬೇಕು. ಸೆನ್ಸರ್ ಸರಿಯೋ ಇಲ್ಲವೋ ಅಂತ ನೋಡಲು ಒಂದು ವ್ಯಾಕ್ಯೂಮ್ ಹೋಸ್ ಬಿಚ್ಚಿ ಬೇಕೆಂದೇ ಲೀನ್ ಮಾಡಿ, ವೋಲ್ಟೇಜ್ ಕೆಳಗಿಳಿಯಬೇಕು. ಇನ್‌ಟೇಕ್‌ಗೆ ಸ್ವಲ್ಪ ಪ್ರೋಪೇನ್ ಬಿಟ್ಟು ರಿಚ್ ಮಾಡಿ, ಏರಬೇಕು. ಎರಡಕ್ಕೂ ಸರಿಯಾಗಿ ಸ್ಪಂದಿಸುವ ಸೆನ್ಸರ್ ಅನ್ನು ಸುಮ್ನೆ ಬದಲಿಸಬೇಡಿ.

ಕನ್ವರ್ಟರ್ ಕೆಟ್ಟಿದೆ ಅಂತ ಹೇಳುವುದು ಯಾವಾಗ

ಮಿಸ್ಸಿಂಗ್ ಇಲ್ಲ, ಟ್ರಿಮ್ ಸರಿ ಇದೆ, ಲ್ಯಾಂಬ್ಡಾ 1ರ ಹತ್ತಿರ ಇದೆ, ಪೈಪ್ ಲೀಕ್ ಇಲ್ಲ, ಗಾಡಿ ಬಿಸಿ ಇದೆ. ಇಷ್ಟೂ ಆದ ಮೇಲೂ ಸಿಒ, ಎಚ್‌ಸಿ ಜೊತೆಗೆ ಆಕ್ಸಿಜನ್ ಕೂಡ ಉಳಿದು ಬರುತ್ತಿದ್ದರೆ ಕನ್ವರ್ಟರ್ ಹೋಗಿದೆ. ಹಿಂದಿನ (ಕನ್ವರ್ಟರ್ ಆದ ಮೇಲೆ ಇರುವ) ಆಕ್ಸಿಜನ್ ಸೆನ್ಸರ್ ನೋಡಿ ಖಚಿತ ಮಾಡಿಕೊಳ್ಳಿ. ಒಳ್ಳೆಯ ಕನ್ವರ್ಟರ್ ಆಕ್ಸಿಜನ್ ಅನ್ನು ಹಿಡಿದಿಟ್ಟು ಬಿಡುವುದರಿಂದ ಹಿಂದಿನ ಸೆನ್ಸರ್ ಹೆಚ್ಚು ಅಲುಗಾಡದೆ ಇರುತ್ತದೆ. ಅದು ಮುಂದಿನ ಸೆನ್ಸರ್ ಥರವೇ ಕುಣಿಯುತ್ತಿದ್ದರೆ ಹಿಡಿದಿಡುವ ಶಕ್ತಿ ಹೋಗಿದೆ. ಹೊಸ ಗಾಡಿಗಳಲ್ಲಿ ಮುಂದಿನದು ಸಾಮಾನ್ಯವಾಗಿ ಬೇರೆ ಥರದ ಸಿಗ್ನಲ್ ಕೊಡುವ ವೈಡ್‌ಬ್ಯಾಂಡ್ ಸೆನ್ಸರ್ ಆಗಿರುವುದರಿಂದ ಎರಡನ್ನೂ ನೇರವಾಗಿ ಹೋಲಿಸಲು ಆಗುವುದಿಲ್ಲ, ಅಲ್ಲಿ ಹಿಂದಿನದನ್ನು ಮಾತ್ರ ನೋಡಿ.

ಪಿಕಪ್ ಇಲ್ಲ ಅನ್ನುವ ದೂರೂ ಇದ್ದರೆ ಬ್ಯಾಕ್ ಪ್ರೆಷರ್ (ಹೊಗೆ ಹೊರಹೋಗಲಾಗದೆ ಹಿಂದಕ್ಕೆ ಒತ್ತುವ ಒತ್ತಡ) ಅಳೆಯಿರಿ. ಮುಂದಿನ ಸೆನ್ಸರ್ ಬಿಚ್ಚಿ ಅಲ್ಲೇ ಗೇಜ್ ಹಾಕಬಹುದು. ಐಡ್ಲಿಂಗ್‌ನಲ್ಲಿ ಸುಮಾರು 1.5 ಪಿಎಸ್‌ಐ ದಾಟಿದರೆ, 2500ರಲ್ಲಿ 3 ದಾಟಿದರೆ ಒಳಗೆ ಕಟ್ಟಿಕೊಂಡಿದೆ. ಮುಂದೆ ಹಿಂದೆ ಥರ್ಮಾಮೀಟರ್ ಹಿಡಿದು ಬಿಸಿ ವ್ಯತ್ಯಾಸ ನೋಡುವ ಪದ್ಧತಿಯನ್ನು ನಾನು ಸಾಕ್ಷಿ ಅಂತ ಒಪ್ಪುವುದಿಲ್ಲ. ಈಗಿನ ಎಂಜಿನ್‌ಗಳಲ್ಲಿ ಉರಿ ಎಷ್ಟು ಶುಚಿಯಾಗಿರುತ್ತದೆ ಅಂದರೆ ಒಳ್ಳೆಯ ಕನ್ವರ್ಟರ್‌ನಲ್ಲೂ ವ್ಯತ್ಯಾಸ ಕಾಣದೆ ಹೋಗಬಹುದು.

ಕನ್ವರ್ಟರ್ ನಿಜವಾಗಿ ಹೋಗಿದ್ದರೂ ಕೆಲಸ ಮುಗಿಯಲಿಲ್ಲ. ಅದು ಸಾಮಾನ್ಯವಾಗಿ ತಾನಾಗಿ ಸಾಯುವುದಿಲ್ಲ. ಕರಗಿದ್ದರೆ ಮಿಸ್ಸಿಂಗ್ ಅಥವಾ ರಿಚ್ ಇತ್ತು. ಎಂಜಿನ್ ಆಯಿಲ್ ಅಥವಾ ಕೂಲಂಟ್ ಉರಿಯುತ್ತಿದ್ದರೆ ಅದರ ಅಂಶ ಒಳಗೆ ಲೇಪವಾಗಿ ಕೆಲಸ ನಿಲ್ಲಿಸುತ್ತದೆ. ಕಾರಣ ಬರೆಯದೆ ಕನ್ವರ್ಟರ್ ಬದಲಿಸಿದ ಬಿಲ್ ನನ್ನ ಕಣ್ಣಿಗೆ ಅರ್ಧ ಬಿಲ್.

ನಾಕ್ಸ್ ಮಾತ್ರ ಜಾಸ್ತಿ ಬಂದರೆ

ನಾಕ್ಸ್ ಅನ್ನು ಐಡ್ಲಿಂಗ್‌ನಲ್ಲಿ ಹುಡುಕಿ ಪ್ರಯೋಜನ ಇಲ್ಲ, ಲೋಡ್ ಬೇಕು. ಇಜಿಆರ್ (ಹೊಗೆಯ ಸ್ವಲ್ಪ ಭಾಗವನ್ನು ಮತ್ತೆ ಎಂಜಿನ್‌ಗೆ ಬಿಡುವ ವ್ಯವಸ್ಥೆ) ಕೆಲಸ ಮಾಡುತ್ತಿದೆಯಾ, ಅದರ ದಾರಿ ಮಸಿ ಕಟ್ಟಿದೆಯಾ ನೋಡಿ. ರೇಡಿಯೇಟರ್, ಕೂಲಿಂಗ್ ಫ್ಯಾನ್ ನೋಡಿ. ಮಿಶ್ರಣ ಲೀನ್ ಇದೆಯಾ, ಟೈಮಿಂಗ್ ಮುಂದಿದೆಯಾ ನೋಡಿ. ಒಂದು ವಿಷಯ ಮಾತ್ರ ಮಾಲೀಕರಿಗೆ ಮೊದಲೇ ಹೇಳಿಬಿಡಿ: ರಿಚ್ ಆಗಿ ಓಡುವ ಗಾಡಿಯಲ್ಲಿ ಉರಿ ತಂಪಾಗಿರುವುದರಿಂದ ನಾಕ್ಸ್ ದೋಷ ಅಡಗಿರುತ್ತದೆ. ಸಿಒ ರಿಪೇರಿ ಆದ ಮೇಲೆ ಅದು ಹೊರಬರಬಹುದು. ಆಗ ಗ್ಯಾರೇಜ್‌ನವರೇ ಕೆಡಿಸಿದರು ಅಂತ ಜಗಳ ಶುರುವಾಗುತ್ತದೆ, ಅದು ಅವರ ತಪ್ಪಲ್ಲ.

ಡೀಸೆಲ್

ಡೀಸೆಲ್‌ನಲ್ಲಿ ಹೊಗೆಯ ಬಣ್ಣದಿಂದ ಶುರು ಮಾಡಿ. ಕಪ್ಪು ಅಂದರೆ ಡೀಸೆಲ್ ಜಾಸ್ತಿ ಅಥವಾ ಗಾಳಿ ಕಡಿಮೆ: ಏರ್ ಫಿಲ್ಟರ್, ಟರ್ಬೋ ಹೋಸ್, ಇಂಟರ್‌ಕೂಲರ್ ಲೀಕ್, ಇಂಜೆಕ್ಟರ್, ತೆರೆದು ನಿಂತ ಇಜಿಆರ್. ನೀಲಿ ಅಂದರೆ ಎಂಜಿನ್ ಆಯಿಲ್. ಬಿಸಿಯಾದ ಮೇಲೂ ಬಿಳಿ ಬಂದರೆ ಉರಿಯದ ಡೀಸೆಲ್ ಅಥವಾ ಕೂಲಂಟ್. ಪೂರ್ತಿ ಆಕ್ಸಿಲರೇಟರ್ ಒತ್ತಿ ಹೊಗೆ ಅಳೆಯುವ ಟೆಸ್ಟ್‌ಗೆ ಮೊದಲು ಆಯಿಲ್ 80 ಡಿಗ್ರಿ ಸೆಲ್ಸಿಯಸ್ ಹತ್ತಿರ ಇರಬೇಕು. ಟೈಮಿಂಗ್ ಬೆಲ್ಟ್ ಯಾವಾಗ ಬದಲಿಸಿದ್ದು ಅಂತ ಕೇಳದೆ ಎಂಜಿನ್ ಅನ್ನು ಗರಿಷ್ಠ ಆರ್‌ಪಿಎಂಗೆ ಏರಿಸಬೇಡಿ.

ಪಾರ್ಟಿಕ್ಯುಲೇಟ್ ಫಿಲ್ಟರ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಇರುವ ಗಾಡಿಯ ಟೈಲ್‌ಪೈಪ್ ಒಳಗೆ ಬೆರಳಾಡಿಸಿದರೆ ಮಸಿ ಹತ್ತಬಾರದು. ದಪ್ಪ ಮಸಿ ಹತ್ತಿದರೆ ಫಿಲ್ಟರ್ ಒಡೆದಿದೆ ಅಥವಾ ತೆಗೆಸಿದ್ದಾರೆ. ಹಳೆಯ ಹೊಗೆ ಮೀಟರ್‌ಗೆ ಇದು ಎಷ್ಟೋ ಸಲ ಸಿಗುವುದೇ ಇಲ್ಲ. ಅದಕ್ಕೇ ನೆದರ್ಲೆಂಡ್ಸ್ ಮತ್ತು ಜರ್ಮನಿ 2023ರಿಂದ ಕಣಗಳನ್ನು ಎಣಿಸುವ ಟೆಸ್ಟ್ ತಂದವು.

ದೋಷ ಅಡಗಿಸಿದ ಗಾಡಿ

ಬ್ಯಾಟರಿ ಬಿಚ್ಚಿ ಅಥವಾ ಸ್ಕ್ಯಾನರ್‌ನಿಂದ ಕೋಡ್ ಅಳಿಸಿ ತಂದ ಗಾಡಿಯಲ್ಲಿ ಲೈಟ್ ಹತ್ತುವುದಿಲ್ಲ. ಆದರೆ ರೆಡಿನೆಸ್ ಮಾನಿಟರ್‌ಗಳು (ಇಸಿಯು ತನ್ನ ಸ್ವಯಂ ಪರೀಕ್ಷೆಗಳನ್ನು ಮುಗಿಸಿದೆಯಾ ಅನ್ನುವ ಗುರುತುಗಳು) ಖಾಲಿ ಇರುತ್ತವೆ. ಕೋಡ್ ಅಳಿಸಿದ ಮೇಲೆ ಗಾಡಿ ಎಷ್ಟು ದೂರ ಓಡಿದೆ, ಎಷ್ಟು ಸಲ ಬಿಸಿಯಾಗಿದೆ ಅನ್ನುವುದನ್ನು ಅನೇಕ ಗಾಡಿಗಳು ಲೆಕ್ಕ ಇಟ್ಟಿರುತ್ತವೆ, ಅದನ್ನು ತೆಗೆದು ನೋಡಿ. ಕೀ ಆನ್ ಮಾಡಿದಾಗ ಚೆಕ್ ಎಂಜಿನ್ ಲೈಟ್ ಒಮ್ಮೆ ಹತ್ತಲೇಬೇಕು, ಹತ್ತದಿದ್ದರೆ ಬಲ್ಬ್ ತೆಗೆದಿದ್ದಾರೆ ಅಥವಾ ಮುಚ್ಚಿದ್ದಾರೆ. ಹಿಂದಿನ ಸೆನ್ಸರ್ ಕೆಳಗೆ ಉದ್ದನೆಯ ಸ್ಪೇಸರ್ ತಿರುಪಿದ್ದರೆ ಖಾಲಿ ಕನ್ವರ್ಟರ್ ಅನ್ನು ಒಳ್ಳೆಯದು ಅಂತ ತೋರಿಸುವ ಪ್ರಯತ್ನ ಅದು. ಇಸಿಯು ಕೊಡುವ ಚಾಸಿ ನಂಬರ್ ಮತ್ತು ಗಾಡಿಯ ಮೇಲಿನ ನಂಬರ್ ಹೊಂದುತ್ತದೆಯಾ ನೋಡಿ, ಯಾಕೆಂದರೆ ಬೇರೆ ಗಾಡಿಗೆ ಸ್ಕ್ಯಾನರ್ ಹಾಕಿ ಈ ಗಾಡಿಗೆ ಪಾಸ್ ಕೊಡುವ ಟೆಸ್ಟ್ ಸೆಂಟರ್‌ಗಳೂ ಇವೆ.

ಟೆಸ್ಟ್ ರೂಮಿನ ಅಂಕಿಯೇ ಪೂರ್ತಿ ಸತ್ಯ ಅಂತ ನಂಬಬಾರದು ಅನ್ನುವುದನ್ನು 2015ರ ಫೋಕ್ಸ್‌ವ್ಯಾಗನ್ ಪ್ರಕರಣ ಎಲ್ಲರಿಗೂ ತೋರಿಸಿತು. ಟೆಸ್ಟ್ ನಡೆಯುತ್ತಿದೆ ಅಂತ ಗುರುತಿಸುವ ಸಾಫ್ಟ್‌ವೇರ್ ಆ ಡೀಸೆಲ್ ಕಾರುಗಳಲ್ಲಿತ್ತು. ರಸ್ತೆಯಲ್ಲಿ ನಾಕ್ಸ್ ಮಿತಿಗಿಂತ 40 ಪಟ್ಟುವರೆಗೂ ಬರುತ್ತಿತ್ತು ಅಂತ ಅಮೆರಿಕದ ಪರಿಸರ ಸಂಸ್ಥೆ ಹೇಳಿತು.

ಗ್ಯಾರೇಜ್ ಮೇಲಿನ ದೂರು ಬರೆಯುವಾಗ

ಮೊದಲ ಫೇಲ್ ರಿಪೋರ್ಟ್, ಎಸ್ಟಿಮೇಟ್, ಮಾಲೀಕರ ಒಪ್ಪಿಗೆ, ಬಿಲ್, ರಿಪೇರಿ ನಂತರದ ರಿಪೋರ್ಟ್, ಬಿಚ್ಚಿದ ಹಳೆಯ ಪಾರ್ಟ್. ಇವನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿ. ಬಿಲ್‌ನಲ್ಲಿರುವ ಪ್ರತಿ ಪಾರ್ಟ್ ಮುಂದೆ ಒಂದೇ ಪ್ರಶ್ನೆ ಕೇಳಿ: ಇದು ಕೆಟ್ಟಿದೆ ಅಂತ ಯಾವ ಟೆಸ್ಟ್ ಹೇಳಿತು? ಗ್ಯಾರೇಜ್‌ನವರ ಹತ್ತಿರ ಉತ್ತರ ಇದ್ದರೆ ಅದನ್ನೂ ಅಷ್ಟೇ ನಿಷ್ಠೆಯಿಂದ ಬರೆಯಿರಿ. ಕಷ್ಟದ ದೋಷವನ್ನು ಪ್ರಾಮಾಣಿಕವಾಗಿ ಹುಡುಕಿಯೂ ಮೊದಲ ಸಲ ಸಿಗದಿರುವುದು ಬೇರೆ, ಹುಡುಕದೆಯೇ ಪಾರ್ಟ್ ಮಾರುವುದು ಬೇರೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕಿದರೆ ಒಳ್ಳೆಯ ಮೆಕ್ಯಾನಿಕ್‌ಗೆ ಅನ್ಯಾಯ ಆಗುತ್ತದೆ.

"ಕನ್ವರ್ಟರ್ ಬದಲಿಸುವ ಅಗತ್ಯ ಇರಲಿಲ್ಲ" ಅಂತ ಬರೆಯಬೇಕಾದರೆ ಹಳೆಯ ಕನ್ವರ್ಟರ್ ನಿಮ್ಮ ಕೈಯಲ್ಲಿರಬೇಕು, ಪರೀಕ್ಷೆ ಆಗಿರಬೇಕು. ಇಲ್ಲದಿದ್ದರೆ ಅಷ್ಟು ದೂರ ಹೋಗಬೇಡಿ. "ಪಿ 0303 ಕೋಡ್ ದಾಖಲಾಗಿತ್ತು, ಮಿಸ್ಸಿಂಗ್ ಪರೀಕ್ಷೆ ಮಾಡಿದ ದಾಖಲೆ ಇಲ್ಲ, ಇಂದು ಮೂರನೇ ಸಿಲಿಂಡರ್ ಕಾಯಿಲ್ ಕೆಟ್ಟಿರುವುದು ಕಾಯಿಲ್ ಅದಲು ಬದಲು ಮಾಡಿ ಖಚಿತವಾಗಿದೆ" ಅಂತ ಬರೆದರೆ ಸಾಕು, ಅದನ್ನು ಯಾರೂ ಅಲ್ಲಗಳೆಯಲಾರರು. ಫೋಟೋದಲ್ಲಿ ಗಾಡಿಯ ನಂಬರ್ ಮತ್ತು ಪಾರ್ಟ್ ಎರಡೂ ಒಂದೇ ಚೌಕಟ್ಟಿನಲ್ಲಿ ಕಾಣಲಿ. ಹಳೆಯ ಪಾರ್ಟ್ ಮೇಲೆ ಬಣ್ಣದಿಂದ ಗುರುತು ಹಾಕಿ, ಚೀಲಕ್ಕೆ ಹಾಕಿ, ಸೀಲ್ ಮಾಡಿ, ಕೊಟ್ಟವರ ಮತ್ತು ತೆಗೆದುಕೊಂಡವರ ಸಹಿ ಪಡೆಯಿರಿ.

ರಿಪೇರಿ ಆದ ಗಾಡಿಯ ಮರು ಟೆಸ್ಟ್ ಅನ್ನು ಅದೇ ದಿನ ಮಾಡಿ ಫೈಲ್ ಮುಚ್ಚಬೇಡಿ. ಲಾಂಗ್ ಟ್ರಿಮ್ ಸರಿಯಾಗಲು, ಮಾನಿಟರ್‌ಗಳು ತುಂಬಲು ಗಾಡಿ ಕೆಲವು ದಿನ ಮಾಮೂಲಿಯಾಗಿ ಓಡಬೇಕು. ಆಮೇಲೆ ಬರಲು ಹೇಳಿ. ಆಗ ಬಂದ ಲ್ಯಾಂಬ್ಡಾ, ಟ್ರಿಮ್ ಮತ್ತು ಐದೂ ಗ್ಯಾಸ್‌ಗಳ ಅಂಕಿಯನ್ನು ಮೊದಲ ಫೇಲ್ ರಿಪೋರ್ಟ್ ಪಕ್ಕದಲ್ಲೇ ಅಂಟಿಸಿ, ಒಂದು ಪ್ರತಿ ಮಾಲೀಕರಿಗೂ ಇನ್ನೊಂದು ಗ್ಯಾರೇಜ್‌ಗೂ ಕಳಿಸಿ.